ಬ್ರಹ್ಮಗಿರಿಗೆ ಬಂದ ಪಾದ್ರಿಯ ಮಗ

ಶಾಲೆಯ ಚರಿತ್ರೆ ಪುಸ್ತಕದಲ್ಲಿ ಮೊಳಕಾಲ್ಮುರು ತಾಲ್ಲೂಕಿಗೆ ಒಂದು ಸಾಲು ಮೀಸಲು. 1892ರಲ್ಲಿ ಬಿ.ಎಲ್. ರೈಸ್ ಅವರು ಇಲ್ಲಿನ ಸಿದ್ದಾಪುರದ ಬಳಿ, ಬ್ರಹ್ಮಗಿರಿಯಲ್ಲಿ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಶಾಸನಗಳನ್ನು ಗುರುತಿಸಿದರು. ಮೌರ್ಯರ ಆಡಳಿತ ಚಿನ್ನ ಹಗರಿ ಹೊಳೆಯ ದಂಡೆಯವರೆಗೆ ಬಂದಿತ್ತೆಂಬುದು ಅದರಿಂದ ಖಚಿತವಾಯಿತು. ಪರೀಕ್ಷೆಗೆ ಓದುವ ಮಕ್ಕಳು ವರ್ಷ, ಊರು, ಹೆಸರು ಮೂರನ್ನೂ ಬಾಯಿಪಾಠ ಮಾಡುತ್ತಾರೆ. ರೈಸ್ ಯಾರು ಎಂದರೆ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕ ಎಂಬ ಉತ್ತರಕ್ಕೆ ಪೂರ್ಣ ಅಂಕ ಸಿಗುತ್ತದೆ. ಅವರು ಬೆಂಗಳೂರಿನ ಒಬ್ಬ ಪಾದ್ರಿಯ ಮಗ ಎಂಬುದನ್ನು ಯಾರೂ ಕೇಳುವುದಿಲ್ಲ. ಮೇಲ್ನೋಟಕ್ಕೆ ಕೇಳುವ ಅಗತ್ಯವೂ ಕಾಣುವುದಿಲ್ಲ.

ಆದರೆ ಆ ಸಂಗತಿಯ ಹಿಂದೆ ಒಂದು ದೊಡ್ಡ ಪ್ರಶ್ನೆ ಇದೆ. ಭಾನುವಾರ ದೇವಾಲಯದಲ್ಲಿ ಹೇಳಿದ ಪ್ರಾರ್ಥನೆಗೂ ಸೋಮವಾರ ಕಚೇರಿಯಲ್ಲಿ, ಮಗ್ಗದಲ್ಲಿ, ಹೊಲದಲ್ಲಿ ಮಾಡುವ ಕೆಲಸಕ್ಕೂ ಏನು ಸಂಬಂಧ? ನಂಬಿಕೆಯಿಂದ ಮನುಷ್ಯನ ಕಸುಬು ಹಸನಾಗುತ್ತದೆಯೇ, ಮನುಷ್ಯ ಬೆಳೆಯುತ್ತಾನೆಯೇ? ಕ್ರೈಸ್ತ ಧರ್ಮದೊಳಗೆ ಈ ಪ್ರಶ್ನೆಗೆ ಎರಡು ಸಾವಿರ ವರ್ಷಗಳ ವಯಸ್ಸು. ಕನ್ನಡ ನಾಡಿನಲ್ಲಿ ಅದು ಕಳೆದ ಇನ್ನೂರು ವರ್ಷಗಳಲ್ಲಿ ಅಚ್ಚುಮೊಳೆ, ನಿಘಂಟು, ಹಂಚು, ಲಾಳಿ, ಹೋಬಳಿ ಶಾಲೆ, ಶಿಲಾಶಾಸನ ಹೀಗೆ ಎಣಿಸದ ರೂಪಗಳನ್ನು ತಾಳಿದೆ. ಮೊಳಕಾಲ್ಮುರಿನ ಬಂಡೆಯ ಮುಂದೆ ಅದಕ್ಕೆ ಒಂದು ವಿಚಿತ್ರ ತಿರುವೂ ದೊರೆತಿದೆ.

ತಲಾಂತಿನ ಕಥೆ

ಏಸುವಿನ ಶಿಷ್ಯರಲ್ಲಿ ಮೀನು ಹಿಡಿಯುವವರಿದ್ದರು, ಸುಂಕ ವಸೂಲಿ ಮಾಡುವವನಿದ್ದ. ಏಸು ಬೆಳೆದದ್ದು ಬಡಗಿಯ ಮನೆಯಲ್ಲಿ. ಧರ್ಮಪ್ರಚಾರಕ್ಕಾಗಿ ಊರೂರು ತಿರುಗಿದ ಪೌಲ, ಕೊರಿಂಥ ಪಟ್ಟಣದಲ್ಲಿ ಗುಡಾರ ಹೊಲಿಯುವ ತನ್ನ ಕಸುಬಿನಿಂದಲೇ ಅನ್ನ ಸಂಪಾದಿಸಿದನೆಂದು ಬೈಬಲ್ ಹೇಳುತ್ತದೆ. ಕೆಲಸ ಮಾಡಲೊಲ್ಲದವನಿಗೆ ಊಟವೂ ಬೇಡ ಎಂಬ ಕಟುವಾದ ಮಾತು ಅವನ ಪತ್ರವೊಂದರಲ್ಲಿ ಬರುತ್ತದೆ. ಏನು ಮಾಡಿದರೂ ಮನುಷ್ಯರಿಗಾಗಿ ಎನ್ನದೆ ದೇವರಿಗಾಗಿ ಎಂದುಕೊಂಡು ಮನಸಾರೆ ಮಾಡಬೇಕು ಎಂದು ಇನ್ನೊಂದು ಪತ್ರ ಬೋಧಿಸುತ್ತದೆ. ಈ ಎರಡನೆಯ ಬೋಧನೆ ಮೊದಲು ಹೇಳಿದ್ದು ದಾಸರಾಗಿದ್ದವರಿಗೆ ಎಂಬುದನ್ನು ಮರೆಯಬಾರದು. ಆಳನ್ನು ಬಗ್ಗಿಸಲು ಅದೇ ಮಾತನ್ನು ಒಡೆಯರು ಬಳಸಿಕೊಂಡ ಉದಾಹರಣೆಗಳು ಚರಿತ್ರೆಯಲ್ಲಿ ಬೇಕಾದಷ್ಟಿವೆ.

ಇವೆಲ್ಲಕ್ಕಿಂತ ಹೆಚ್ಚು ಜನರ ನಾಲಿಗೆಯಲ್ಲಿರುವುದು ತಲಾಂತಿನ ಕಥೆ. ದೂರ ದೇಶಕ್ಕೆ ಹೊರಟ ಯಜಮಾನನೊಬ್ಬ ಮೂವರು ಆಳುಗಳಿಗೆ ಅವರವರ ಸಾಮರ್ಥ್ಯ ನೋಡಿ ಐದು, ಎರಡು, ಒಂದು ತಲಾಂತು ಹಣ ಕೊಟ್ಟುಹೋಗುತ್ತಾನೆ. ಮೊದಲಿಬ್ಬರು ವ್ಯಾಪಾರ ಮಾಡಿ ಅದನ್ನು ಇಮ್ಮಡಿ ಮಾಡುತ್ತಾರೆ. ಮೂರನೆಯವನು ಹೆದರಿ ನೆಲದಲ್ಲಿ ಹೂತಿಡುತ್ತಾನೆ, ಯಜಮಾನ ಮರಳಿದಾಗ ಬೈಸಿಕೊಳ್ಳುತ್ತಾನೆ. ತಲಾಂತು ಎಂದರೆ ಆ ಕಾಲದ ಬೆಳ್ಳಿಯ ಒಂದು ದೊಡ್ಡ ತೂಕ. ಕೂಲಿಯವನ ಹಲವು ವರ್ಷಗಳ ದುಡಿಮೆಗೆ ಸಮ. ಕಥೆ ಎಷ್ಟು ಬೇರೂರಿತೆಂದರೆ, ಇಂಗ್ಲಿಷಿನಲ್ಲಿ ಪ್ರತಿಭೆಗೆ ಟ್ಯಾಲೆಂಟ್ ಎಂಬ ಹೆಸರೇ ಇದರಿಂದ ಬಂತು. ಕನ್ನಡ ಬೈಬಲ್ ಆ ಪದವನ್ನು ತಲಾಂತು ಎಂದೇ ಉಳಿಸಿಕೊಂಡಿತು. ಕನ್ನಡ ಕ್ರೈಸ್ತರ ಮಾತಿನಲ್ಲಿ ಹಾಡುವ ಕಂಠ, ಲೆಕ್ಕದ ಜಾಣ್ಮೆ, ರೋಗಿಯ ಆರೈಕೆಯ ಕೈಗುಣ ಎಲ್ಲವೂ ಇಂದಿಗೂ 'ದೇವರು ಕೊಟ್ಟ ತಲಾಂತು'. ಹೂತಿಟ್ಟರೆ ಲೆಕ್ಕ ಕೊಡಬೇಕಾಗುತ್ತದೆ ಎಂಬ ಅಳುಕೂ ಆ ಮಾತಿನಲ್ಲಿದೆ.

ಮಧ್ಯಯುಗದ ಯುರೋಪಿನಲ್ಲಿ ದೇವರ ಕರೆ ಎಂದರೆ ಹೆಚ್ಚಾಗಿ ಮಠಕ್ಕೆ ಸೇರುವ ಕರೆ. ಸಂನ್ಯಾಸಿಯ ಜೀವನ ಮೇಲು, ಸಂಸಾರಿಯ ದುಡಿಮೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. 16ನೇ ಶತಮಾನದಲ್ಲಿ ಮಾರ್ಟಿನ್ ಲೂಥರ್ ಈ ಮೆಟ್ಟಿಲನ್ನು ಒಡೆದರು. ಜರ್ಮನ್ ಭಾಷೆಯಲ್ಲಿ ದೇವರ ಕರೆಗೂ ಮನುಷ್ಯನ ಕಸುಬಿಗೂ 'ಬೆರೂಫ್' ಎಂಬ ಒಂದೇ ಮಾತು ನಿಂತಿತು. ಚಮ್ಮಾರನೂ ಹಾಲು ಕರೆಯುವವಳೂ ತಮ್ಮ ತಮ್ಮ ಜಾಗದಲ್ಲೇ ದೇವರ ಕರೆಗೆ ಓಗೊಡಬಹುದು ಎಂದಾಯಿತು. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ, ನ್ಯಾಯವಾಗಿ ಆದಷ್ಟು ಗಳಿಸಿ, ಆದಷ್ಟು ಉಳಿಸಿ, ಆದಷ್ಟು ಕೊಟ್ಟುಬಿಡಿ ಎಂದು ಬೋಧಿಸಿದರು. ಮೊದಲೆರಡನ್ನು ಪಾಲಿಸಿದವರೇ ಹೆಚ್ಚು ಎಂದು ಕೊರಗಿದವರೂ ಅವರೇ. ಈ ಶಿಸ್ತಿನಿಂದಲೇ ಆಧುನಿಕ ಬಂಡವಾಳಶಾಹಿಯ ಮನೋಧರ್ಮ ಮೊಳೆಯಿತು ಎಂಬ ಮ್ಯಾಕ್ಸ್ ವೇಬರ್ ವಾದ 1904-05ರಲ್ಲಿ ಹೊರಬಂತು. ಅದರ ಮೇಲಿನ ಜಗಳ ಇನ್ನೂ ಮುಗಿದಿಲ್ಲ. ಕ್ಯಾಥೊಲಿಕರೂ ಈ ವಿಚಾರದಲ್ಲಿ ಹಿಂದೆ ಉಳಿಯಲಿಲ್ಲ. 1955ರಲ್ಲಿ ಪೋಪ್ 12ನೇ ಪಯಸ್ ಅವರು ಕಾರ್ಮಿಕರ ದಿನವಾದ ಮೇ 1ನ್ನು ಬಡಗಿ ಸಂತ ಜೋಸೆಫರ ಹಬ್ಬವೆಂದು ಸಾರಿದರು.

ಕನ್ನಡಿಗರಿಗೆ ಇದನ್ನು ಕೇಳಿದ ಕೂಡಲೇ ನೆನಪಾಗುವುದು 12ನೇ ಶತಮಾನದ ಶರಣರ ಕಾಯಕ. ಹೋಲಿಕೆ ಸಹಜ, ಆದರೆ ಎರಡನ್ನೂ ಒಂದೇ ಎನ್ನುವುದು ಅವಸರದ ಮಾತು. ಕಾಯಕದ ಜೊತೆಗೆ ದಾಸೋಹ ಬರುತ್ತದೆ, ದುಡಿದದ್ದು ಅಂದಂದಿಗೆ ಜಂಗಮಕ್ಕೆ ಸಲ್ಲಬೇಕು, ನಾಳೆಗೆಂದು ಕೂಡಿಡುವಂತಿಲ್ಲ. ಪ್ರಾಟೆಸ್ಟಂಟ್ ಮಾದರಿಯಲ್ಲಿ ಉಳಿತಾಯಕ್ಕೂ ಲೆಕ್ಕದ ಪುಸ್ತಕಕ್ಕೂ ದೊಡ್ಡ ಸ್ಥಾನ.

ಚಳ್ಳಕೆರೆ ತಾಲ್ಲೂಕಿನವರಂತೂ ಕಲ್ಯಾಣದವರೆಗೂ ಹೋಗಬೇಕಾಗಿಲ್ಲ. ನಾಯಕನಹಟ್ಟಿಯ ತಿಪ್ಪೇಸ್ವಾಮಿ ಅವರಿಗೆ ಸಾಕು. ಬರದ ಸೀಮೆಯಲ್ಲಿ ಕೆರೆಗಳನ್ನು ಕಟ್ಟಿಸಿದ ಈ ಸಂತನನ್ನು ಜನ ಕಾಯಕಯೋಗಿ ಎಂದೇ ಕರೆಯುತ್ತಾರೆ. ಕೆರೆಯ ಕೆಲಸಕ್ಕೆ ಬಂದವರಿಗೆ ಹೊತ್ತ ಮಣ್ಣಿಗೆ ತಕ್ಕಷ್ಟೇ ಕೂಲಿ ಸಿಗುತ್ತಿತ್ತು, ಮೈಗಳ್ಳನಿಗೆ ಮೈಗಳ್ಳತನದಷ್ಟೇ ದೊರೆಯುತ್ತಿತ್ತು ಎಂಬುದು ಊರವರ ಕಥೆ. 'ಮಾಡಿದಷ್ಟು ನೀಡು ಭಿಕ್ಷೆ' ಎಂಬ ಅವರ ಮಾತು ಈ ಭಾಗದಲ್ಲಿ ಬಸ್ಸಿನ ಗಾಜಿನ ಮೇಲೂ ಕಾಣಸಿಗುತ್ತದೆ. ಪ್ರತಿ ವರ್ಷ ಫಾಲ್ಗುಣದಲ್ಲಿ ತೇರಿಗೆ ಸೇರುವ ಜನಸಾಗರದಲ್ಲಿ ಕುರಿ ಕಾಯುವವರು, ಕಂಬಳಿ ನೇಯುವವರು, ಶೇಂಗಾ ಬೆಳೆಯುವವರು ಎಲ್ಲರೂ ಇರುತ್ತಾರೆ. ಹತ್ತೊಂಬತ್ತನೇ ಶತಮಾನದ ಪಾದ್ರಿಗಳು ತಮ್ಮ ದುಡಿಮೆಯ ಧರ್ಮವನ್ನು ಹೊತ್ತು ತಂದದ್ದು ಇಂಥ ನೆಲಕ್ಕೆ. ಅದನ್ನು ಇಲ್ಲಿನವರಿಗೆ ಹೊಸದಾಗಿ ಕಲಿಸಿದರು ಎನ್ನಲಾಗದು. ಹೊಸದಾಗಿ ಬಂದದ್ದು ಅವರ ಉಪಕರಣಗಳು.

ಬಳ್ಳಾರಿಯ ಅಚ್ಚಿನ ಮನೆ

ಮೊಳಕಾಲ್ಮುರಿನವರಿಗೆ ಜಿಲ್ಲಾ ಕೇಂದ್ರವಾದ ಚಿತ್ರದುರ್ಗಕ್ಕಿಂತ ಬಳ್ಳಾರಿಯೇ ಹತ್ತಿರ. ಸಂಸ್ಥಾನದ ಗಡಿ ದಾಟಿದರೆ ಮದರಾಸು ಪ್ರಾಂತ. ಅಲ್ಲಿ 1800ರಿಂದಲೇ ಕಂಪನಿಯ ಆಡಳಿತ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲೆಸಿದರು. ಕನ್ನಡ ಕಲಿಯಲು ಆಗ ಅವರ ಕೈಯಲ್ಲಿ ಅಚ್ಚಾದ ವ್ಯಾಕರಣವಿರಲಿಲ್ಲ, ನಿಘಂಟೂ ಇರಲಿಲ್ಲ. ಪಂಡಿತರ ಬಳಿ ಕುಳಿತು ಪದ ಪದವಾಗಿ ಬರೆದುಕೊಳ್ಳಬೇಕಿತ್ತು. ಬೈಬಲಿನ ಕನ್ನಡ ಅನುವಾದ ಪೂರ್ಣವಾಗಿ ಅಚ್ಚಾಗುವ ಹೊತ್ತಿಗೆ 1831 ಬಂತು. ಅದೇ ಮಿಷನ್ನಿನ ವಿಲಿಯಂ ರೀವ್ ಅವರು 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಹೊರತಂದರು.

ಈ ಪಾದ್ರಿಗಳಲ್ಲಿ ಅನೇಕರು ದೊಡ್ಡ ಓದು ಓದಿದವರಲ್ಲ. 1817ರಲ್ಲಿ ಶ್ರೀರಾಮಪುರದಿಂದ ಕನ್ನಡ ವ್ಯಾಕರಣ ಪ್ರಕಟಿಸಿದ ವಿಲಿಯಂ ಕೇರಿ, ಭಾರತಕ್ಕೆ ಬರುವ ಮುನ್ನ ಇಂಗ್ಲೆಂಡಿನಲ್ಲಿ ಜೋಡು ಹೊಲಿಯುತ್ತಿದ್ದವರು. ಇಂಥವರಿಗೆ ಭಾಷೆ ಕಲಿಯುವುದು ಪುಣ್ಯದ ಕೆಲಸವೂ ಆಗಿತ್ತು, ಮೇಲೇರುವ ಏಣಿಯೂ ಆಗಿತ್ತು. ತಾಯ್ನಾಡಿನಲ್ಲಿ ಕುಶಲಕರ್ಮಿಯಾಗಿ ಮುಗಿಯಬಹುದಾಗಿದ್ದ ಬದುಕು ಇಲ್ಲಿ ವಿದ್ವಾಂಸನ ಬದುಕಾಯಿತು. ಅವರು ಬಂದದ್ದು ಜನರನ್ನು ತಮ್ಮ ಮತಕ್ಕೆ ಸೇರಿಸಲು, ಇದರಲ್ಲಿ ಮುಚ್ಚುಮರೆಯಿಲ್ಲ. ಆ ಉದ್ದೇಶದಲ್ಲಿ ಬಳ್ಳಾರಿ ಸೀಮೆಯಲ್ಲಿ ಅವರಿಗೆ ದೊರೆತ ಫಲ ಅಲ್ಪ. ಉದ್ದೇಶದ ಹಾದಿಯಲ್ಲಿ ಮಾಡಿದ ಕೆಲಸ ಮಾತ್ರ ಮತದ ಗಡಿ ಮೀರಿ ನಿಂತಿತು. ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ಅವರು 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಆರಂಭಿಸಿದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಮರುವರ್ಷ ಅದು ಮೊಳೆಯಚ್ಚಿನ ಅನುಕೂಲಕ್ಕಾಗಿ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು.

ಹಂಚು ಮತ್ತು ಲಾಳಿ

ಮೊಗ್ಲಿಂಗ್ ಸೇರಿದ್ದ ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ. ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಪ್ರದೇಶದ ಭಕ್ತ ಕುಟುಂಬಗಳಿಂದ ಬಂದ ಇವರಿಗೆ ದುಡಿಮೆಯೆಂದರೆ ಆತ್ಮದ ವ್ಯಾಯಾಮ. ಸೋಮಾರಿತನ ಪಾಪದ ಪಟ್ಟಿಯಲ್ಲಿ ಮೇಲಿತ್ತು. ಆದರೆ ಕರಾವಳಿಯಲ್ಲಿ ಅವರು ಕಾರ್ಖಾನೆ ಕಟ್ಟಿದ್ದು ಬರೀ ಬೋಧನೆಯ ಉತ್ಸಾಹದಿಂದಲ್ಲ. ಹೊಟ್ಟೆಯ ಪ್ರಶ್ನೆ ಅವರನ್ನು ಅತ್ತ ದೂಡಿತು.

ಹೊಸದಾಗಿ ಕ್ರೈಸ್ತರಾದವರಿಗೆ ಅಂದೇ ಮನೆ ಹೋಗುತ್ತಿತ್ತು, ಗೇಣಿಯ ನೆಲ ಹೋಗುತ್ತಿತ್ತು, ಬಂಧುಗಳ ಪಂಕ್ತಿ ತಪ್ಪುತ್ತಿತ್ತು. ಮತಾಂತರವಾದವರಲ್ಲಿ ಬಿಲ್ಲವರ ಸಂಖ್ಯೆ ಹೆಚ್ಚು. ಅವರ ಪಾರಂಪರಿಕ ಕಸುಬಾದ ಶೇಂದಿ ಇಳಿಸುವುದನ್ನು ಮಿಷನ್ ಒಪ್ಪುತ್ತಿರಲಿಲ್ಲ. ಹೊಸ ದೇವರು ಸಿಕ್ಕಿದ, ಅನ್ನದ ದಾರಿ ಮುಚ್ಚಿತು. ಕೃಷಿಯ ಪ್ರಯೋಗಗಳು ನಿರೀಕ್ಷೆಯಂತೆ ಫಲಿಸಲಿಲ್ಲ. 1851ರಲ್ಲಿ ಬಂದ ನೇಕಾರ ಯೋಹಾನ್ ಹಾಲರ್ ಯುರೋಪಿನ ಮಗ್ಗಗಳನ್ನು ಹೂಡಿದರು. ಮಂಗಳೂರಿನಲ್ಲಿ ಖಾಕಿ ಬಣ್ಣದ ಬಟ್ಟೆ ತಯಾರಿಸಿದ ಕೀರ್ತಿ ಅವರದು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ನೇತ್ರಾವತಿ ದಂಡೆಯ ಜೇಡಿಮಣ್ಣು ಕೆಂಪು ಮಂಗಳೂರು ಹಂಚಾಗಿ ಸಮುದ್ರ ದಾಟಿತು. ಬಯಲುಸೀಮೆಯ ರೈಲು ನಿಲ್ದಾಣಗಳ ಮಾಡಿನ ಮೇಲೂ ಆ ಹಂಚನ್ನು ಕಾಣಬಹುದು.

ಕಾರ್ಖಾನೆಯ ದಿನ ಪ್ರಾರ್ಥನೆಯಿಂದ ಶುರುವಾಗುತ್ತಿತ್ತು. ಗಂಟೆ ಹೊಡೆದರೆ ಬರಬೇಕು, ಗಂಟೆ ಹೊಡೆದರೆ ಬಿಡಬೇಕು. ಹೊತ್ತನ್ನು ನೆರಳಿನಿಂದ ಅಳೆಯುತ್ತಿದ್ದ ರೈತಾಪಿ ಮನುಷ್ಯನಿಗೆ ಇದು ಮತಾಂತರದಷ್ಟೇ ದೊಡ್ಡ ಬದಲಾವಣೆ. ಕೂಲಿಯಲ್ಲಿ ಒಂದಿಷ್ಟು ಉಳಿಸುವುದನ್ನು ಕಲಿಸಿದರು, ಕಾಯಿಲೆ ಬಿದ್ದರೆ ನೆರವಿಗೆ ನಿಧಿ ಇಟ್ಟರು. ಜಾತಿಯಿಂದ ಕಸುಬು ಬರುವ ಸಮಾಜದಲ್ಲಿ ಕಲಿತರೆ ಯಾರಿಗೂ ಕಸುಬು ಬರುತ್ತದೆ ಎಂಬುದನ್ನು ಈ ಕಾರ್ಖಾನೆಗಳು ತೋರಿಸಿಕೊಟ್ಟವು. ಮೊಳೆ ಜೋಡಿಸುವವರು, ಫಿಟ್ಟರುಗಳು, ಮೇಸ್ತ್ರಿಗಳು, ಗುಮಾಸ್ತರು ಅಲ್ಲಿಂದ ತಯಾರಾದರು. ಕ್ರೈಸ್ತರಲ್ಲದ ಕೆಲಸಗಾರರೂ ಅಲ್ಲಿ ದುಡಿದರು.

ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. ಕೆಲಸಗಾರನಿಗೆ ಧಣಿ ಯಾರೋ ಅವನೇ ಗುರು. ಹಲವರಿಗೆ ಮನೆಯ ಒಡೆಯನೂ ಅವನೇ. ಕುಡಿದು ಸಿಕ್ಕಿಬಿದ್ದರೆ ಸಭೆಯ ಶಿಸ್ತೂ ಬೀಳುತ್ತಿತ್ತು, ಕೆಲಸಕ್ಕೂ ಕುತ್ತು ಬರುತ್ತಿತ್ತು. ಇಂಥ ಕಡೆ ಒಬ್ಬನ ನಿಷ್ಠೆಯಲ್ಲಿ ನಂಬಿಕೆ ಎಷ್ಟು, ಅಂಜಿಕೆ ಎಷ್ಟು ಎಂದು ಬಿಡಿಸುವುದು ಕಷ್ಟ. ಲಾಭ ಮಿಷನ್ನಿನ ಕೆಲಸಕ್ಕೆ ಹೋಗುತ್ತಿತ್ತೆಂಬುದು ನಿಜ, ಆದರೆ ಅದನ್ನು ನಿರ್ಧರಿಸುವ ಕುರ್ಚಿಯಲ್ಲಿ ಮಗ್ಗದವನು ಇರಲಿಲ್ಲ. ಮೊದಲ ಮಹಾಯುದ್ಧ ಬಂದಾಗ ಜರ್ಮನ್ ನಂಟಿನ ಕಾರಣಕ್ಕೆ ಸರ್ಕಾರ ಈ ಉದ್ಯಮಗಳನ್ನು ವಶಪಡಿಸಿಕೊಂಡಿತು, ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಕೈಗೆ ಹೋದವು.

ಅದೇ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ ಅವರ ಕಥೆ ಬೇರೆಯೇ. 1853ರಲ್ಲಿ ಬಂದ ಅವರು 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಮುಗಿಸಿದರು. ಹಳಗನ್ನಡ ಕಾವ್ಯದಲ್ಲಿ ಮುಳುಗಿದ ಈ ಪಾದ್ರಿ ಮಿಷನ್ನಿನ ಕೆಲಸಕ್ಕೆ ಎಷ್ಟು ಉಪಯೋಗ ಎಂದು ಮೂಗು ಮುರಿದ ಸಹೋದ್ಯೋಗಿಗಳಿದ್ದರು. ಕರೆ ಬಂದದ್ದು ಒಂದಕ್ಕೆ, ಬದುಕು ಸವೆದದ್ದು ಇನ್ನೊಂದಕ್ಕೆ ಎನ್ನಿಸಬಹುದು. ಆ ಎರಡನ್ನೂ ಬೇರೆ ಮಾಡಲಾಗದು ಎಂಬ ಹಟವಿಲ್ಲದೆ ನಾಲ್ಕು ದಶಕ ಒಂದೊಂದೇ ಪದವನ್ನು ಆಯುವುದೂ ಆಗದ ಮಾತು.

ಇಬ್ಬರು ಅಣ್ಣತಮ್ಮಂದಿರು

ಕರಾವಳಿಯಲ್ಲಿ ಕಾರ್ಖಾನೆ ಏಳುವ ಮೊದಲೇ ಬೆಂಗಳೂರಿನ ಪೇಟೆಯಲ್ಲಿ ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ತಮ್ಮ ಕೆಲಸ ಆರಂಭಿಸಿದ್ದರು. 1837ರಲ್ಲಿ ಬಂದವರು 1887ರಲ್ಲಿ ತೀರಿಕೊಳ್ಳುವ ತನಕ, ಅರ್ಧ ಶತಮಾನ, ಕನ್ನಡ ಶಾಲೆ, ಪಠ್ಯಪುಸ್ತಕ, ಉಪದೇಶ ಇವುಗಳಲ್ಲೇ ಕಳೆದರು. 1840ರಲ್ಲಿ ಅವರ ಪತ್ನಿ ಮತ್ತು ಇನ್ನೊಬ್ಬ ಪಾದ್ರಿಯ ಪತ್ನಿ ಶ್ರೀಮತಿ ಸೀವೆಲ್ ಸೇರಿ ಹೆಣ್ಣುಮಕ್ಕಳಿಗೆ ಕನ್ನಡ ಶಾಲೆ ತೆರೆದರು. ಅವೆನ್ಯೂ ರಸ್ತೆಯ ಗದ್ದಲದ ನಡುವೆ ನಿಂತಿರುವ ರೈಸ್ ಸ್ಮಾರಕ ದೇವಾಲಯ ಈ ತಂದೆಯ ಹೆಸರಿನದು, ಮಗನದಲ್ಲ. ಪುಸ್ತಕದ ಅಂಗಡಿ ಹುಡುಕಿಕೊಂಡು ಅಲ್ಲಿ ಓಡಾಡುವವರು ಇಬ್ಬರನ್ನೂ ಒಂದು ಮಾಡಿಕೊಳ್ಳುವುದುಂಟು.

ಮಗ ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದು 1837ರ ಜುಲೈ 17ರಂದು, ಬೆಂಗಳೂರಿನಲ್ಲೇ. ಓದಲು ಇಂಗ್ಲೆಂಡಿಗೆ ಹೋಗಿ 1860ರಲ್ಲಿ ಮರಳಿದಾಗ ಅವರು ಹಿಡಿದದ್ದು ಮಿಷನ್ನಿನ ದಾರಿಯನ್ನಲ್ಲ. ಮುಂದೆ ಸೆಂಟ್ರಲ್ ಕಾಲೇಜಾದ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು, ಬಳಿಕ ಶಾಲೆಗಳ ಇನ್‌ಸ್ಪೆಕ್ಟರ್, ಆಮೇಲೆ ವಿದ್ಯಾ ಇಲಾಖೆಯ ನಿರ್ದೇಶಕ. ಇನ್ನೊಬ್ಬ ಮಗ ಇ.ಪಿ. ರೈಸ್ ತಂದೆಯಂತೆ ಪಾದ್ರಿಯೇ ಆದರು. ಸೋಜಿಗವೆಂದರೆ ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದವರು ಈ ಪಾದ್ರಿ ಮಗ. ಪಂಪ, ವೀರಶೈವ ವಚನಕಾರರು, ದಾಸರು ಎಲ್ಲರ ಪರಿಚಯ ಅದರಲ್ಲಿದೆ. ಒಬ್ಬ ಸರ್ಕಾರಿ ನೌಕರ, ಒಬ್ಬ ಧರ್ಮಬೋಧಕ. ಇಬ್ಬರ ಮೇಜಿನ ಮೇಲೂ ಹಳಗನ್ನಡ.

ಸರ್ಕಾರಿ ಹುದ್ದೆಯಲ್ಲಿ ಧರ್ಮಬೋಧನೆಗೆ ಎಡೆಯಿರಲಿಲ್ಲ. ಆದರೆ ಮಿಷನ್ ಮನೆಯಲ್ಲಿ ಬೆಳೆದವನಿಗೆ ಎರಡು ಸಂಗತಿ ಸಹಜವಾಗಿರುತ್ತವೆ: ಪ್ರತಿಯೊಬ್ಬನೂ ಓದಲು ಕಲಿಯಬೇಕು, ಅದೂ ಅವನ ತಾಯಿನುಡಿಯಲ್ಲಿ. ಪ್ರಾಟೆಸ್ಟಂಟರು ಇದನ್ನು ಹೇಳಿದ್ದು ಎಲ್ಲರೂ ಬೈಬಲ್ ಓದಬೇಕೆಂದು. 1868ರ ಹೋಬಳಿ ಶಾಲೆಗಳ ಯೋಜನೆಯಲ್ಲಿ ಬೈಬಲ್ ಇರಲಿಲ್ಲ. ಓದು, ಬರಹ, ಲೆಕ್ಕ ಇತ್ತು. ಹೋಬಳಿಗೊಂದು ಶಾಲೆ ಎಂಬ ಆ ಲೆಕ್ಕಾಚಾರದಿಂದ ಸಂಸ್ಥಾನದ ಹಳ್ಳಿಗೆ ಸರ್ಕಾರದ ಕನ್ನಡ ಮೇಷ್ಟ್ರು ಬಂದರು. ತಂದೆಯ ಉಪದೇಶದಿಂದ ದೇವರನ್ನು ತೆಗೆದು ಶಾಲೆಯನ್ನು ಉಳಿಸಿಕೊಂಡಂತೆ ಇದು ಕಾಣುತ್ತದೆ. ಕ್ರೈಸ್ತರೇ ಅನೇಕರು ಇದನ್ನು ನಷ್ಟವೆಂದು ಎಣಿಸಿಯಾರು. ಹಳ್ಳಿಯ ಮಗುವಿನ ಕಡೆಯಿಂದ ನೋಡಿದರೆ ಹಾಗೆನ್ನಲು ಕಾರಣವಿಲ್ಲ.

ಶಾಲೆ ತಪಾಸಣೆಗೆ ಕುದುರೆಯೇರಿ ಊರೂರು ಸುತ್ತುವಾಗ ರೈಸ್ ಅವರ ಕಣ್ಣಿಗೆ ಗುಡಿಯ ಮುಂದಿನ, ಕೆರೆ ಏರಿಯ ಮೇಲಿನ ಬರಹದ ಕಲ್ಲುಗಳು ಬಿದ್ದವು. ಶಾಸನ ಓದುವ ವಿದ್ಯೆಯನ್ನು ಕಲಿಸುವ ಕಾಲೇಜು ಆಗ ಎಲ್ಲಿಯೂ ಇರಲಿಲ್ಲ. ಮೇಜರ್ ಡಿಕ್ಸನ್ ತೆಗೆದಿದ್ದ ಶಾಸನಗಳ ಫೋಟೋಗಳನ್ನು ಓದಿಸುವ ಹೊಣೆ ಅವರ ಮೇಲೆ ಬಂತು. ಪಂಡಿತರನ್ನು ಕೂರಿಸಿಕೊಂಡು ಅಕ್ಷರ ಅಕ್ಷರ ಬಿಡಿಸಿದರು, 1879ರಲ್ಲಿ ಆ ಪುಸ್ತಕ ಬಂತು. 1880ರ ದಶಕದಲ್ಲಿ ಪುರಾತತ್ವವೇ ಅವರ ಉದ್ಯೋಗವಾಯಿತು. 1906ರಲ್ಲಿ, 69ನೇ ವಯಸ್ಸಿನಲ್ಲಿ, ನಿವೃತ್ತರಾಗುವ ಹೊತ್ತಿಗೆ 'ಎಪಿಗ್ರಾಫಿಯ ಕರ್ನಾಟಕ'ದ 12 ಸಂಪುಟಗಳಲ್ಲಿ 8,869 ಶಾಸನಗಳು ಅಚ್ಚಾಗಿದ್ದವು. ಇಷ್ಟೆಲ್ಲವನ್ನೂ ಒಬ್ಬರೇ ಓದಿದರೆಂದು ಯಾರೂ ನಂಬಬಾರದು. ಹೆಸರು ಮುಖಪುಟಕ್ಕೆ ಬಾರದ ಪಂಡಿತರ ಪಾಲು ದೊಡ್ಡದು. ಅವರ ಕೈಕೆಳಗೆ 1899ರಲ್ಲಿ ಸೇರಿದ ಆರ್. ನರಸಿಂಹಾಚಾರ್ ಮುಂದೆ ಅವರ ಸ್ಥಾನಕ್ಕೇ ಬಂದರು, 'ಕವಿಚರಿತೆ' ಬರೆದರು.

ಆ ಸಂಪುಟಗಳಲ್ಲಿ ಹನ್ನೊಂದನೆಯದು ಚಿತ್ರದುರ್ಗ ಜಿಲ್ಲೆಯದು, 1903ರಲ್ಲಿ ಬಂತು. ಅದರಲ್ಲಿ ಚಳ್ಳಕೆರೆಗೆ ಒಂದು ಭಾಗ, ಮೊಳಕಾಲ್ಮುರಿಗೆ ಒಂದು ಭಾಗ. ಮಳೆ ಕಡಿಮೆ, ಕಲ್ಲು ಹೆಚ್ಚು ಎಂದು ಅಧಿಕಾರಿಗಳು ವರ್ಗಾವಣೆ ಮಾಡಿಸಿಕೊಳ್ಳುವ ಸೀಮೆ ಇದು. ಕಲ್ಲು ಹೆಚ್ಚಾಗಿದ್ದದ್ದೇ ಒಳ್ಳೆಯದಾಯಿತು.

ಅಕ್ಷರ ಗುಂಡು

ಬ್ರಹ್ಮಗಿರಿಯ ಬಂಡೆಗೆ ಊರವರು ಇಟ್ಟಿದ್ದ ಹೆಸರು ಅಕ್ಷರ ಗುಂಡು. ಗೀಚಿದ್ದು ಅಕ್ಷರವೆಂದು ದನ ಕಾಯುವವರಿಗೂ ಗೊತ್ತಿತ್ತು. ಆದ್ದರಿಂದ ರೈಸ್ ಕಂಡುಹಿಡಿದರು ಎನ್ನುವುದಕ್ಕಿಂತ ಓದಿದರು ಎನ್ನುವುದು ಸರಿ. ಜಟಿಂಗ ರಾಮೇಶ್ವರದ ಬಂಡೆಗೆ ಬಳೆಗಾರರ ಗುಂಡು ಎಂದು ಹೆಸರು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆಯೇ ಅಂಗಡಿ ಹೂಡುತ್ತಿದ್ದರು, ಅಕ್ಷರಗಳು ಸವೆದಿರುವುದಕ್ಕೆ ಅದೂ ಒಂದು ಕಾರಣ. ಇಲ್ಲಿ ರಾಜನ ಆಜ್ಞೆಗೂ ಬಳೆ ಮಾರುವವರ ಹೊಟ್ಟೆಪಾಡಿಗೂ ಒಂದೇ ಕಲ್ಲು.

ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಕ್ರಿಸ್ತಪೂರ್ವ ಮೂರನೇ ಶತಮಾನದ್ದು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಕುಶಲ ಕೇಳಿ ದೇವಾನಾಂಪ್ರಿಯನ ಮಾತನ್ನು ತಿಳಿಸುತ್ತಾರೆ. ಇಸಿಲ ಎಂದರೆ ಈ ಬೆಟ್ಟದ ಬುಡದ ಪಟ್ಟಣ. 1947ರಲ್ಲಿ ಮಾರ್ಟಿಮರ್ ವೀಲರ್ ಅದರ ಅವಶೇಷವನ್ನು ಅಗೆದರು. ಅಶೋಕ ಎಂಬ ಹೆಸರು ಇಲ್ಲಿಲ್ಲ. ಆ ಹೆಸರು ಹೊತ್ತ ಶಾಸನ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕಿದ್ದು 1915ರಲ್ಲಿ.

ಬಂಡೆಯಲ್ಲಿ ಯುದ್ಧವಿಲ್ಲ, ದಾನವಿಲ್ಲ, ಬಿರುದಾವಳಿಯಿಲ್ಲ. ದೊರೆ ತನ್ನ ಬಗ್ಗೆ ಹೇಳಿಕೊಳ್ಳುತ್ತಾನೆ. ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲವಾಯಿತು, ಮೊದಲ ಒಂದು ವರ್ಷ ತಾನು ಅಷ್ಟೇನೂ ಶ್ರಮಿಸಲಿಲ್ಲ, ಸಂಘದ ಬಳಿ ಸಾರಿ ಒಂದು ವರ್ಷದ ಮೇಲಾಯಿತು, ಆಗಿನಿಂದ ಚೆನ್ನಾಗಿ ಶ್ರಮಿಸುತ್ತಿದ್ದೇನೆ ಎಂಬುದು ಅದರ ತಾತ್ಪರ್ಯ. ನಂಬಿಕೆ ಬಂದ ದಿನ ಒಂದು, ಆ ನಂಬಿಕೆಯಂತೆ ದುಡಿಯಲು ತೊಡಗಿದ ದಿನ ಇನ್ನೊಂದು. ನಡುವೆ ಕಳೆದ ಕಾಲಕ್ಕೆ ಚಕ್ರವರ್ತಿ ಲೆಕ್ಕ ಒಪ್ಪಿಸುತ್ತಾನೆ. ಶ್ರಮದ ಈ ಫಲ ದೊಡ್ಡವರಿಗೆ ಮಾತ್ರ ದಕ್ಕುವಂಥದಲ್ಲ, ಸಣ್ಣವನೂ ಶ್ರಮಿಸಿದರೆ ಸ್ವರ್ಗ ಪಡೆಯಬಹುದು, ಆದ್ದರಿಂದ ಸಣ್ಣವರೂ ದೊಡ್ಡವರೂ ಶ್ರಮಿಸಲಿ, ಗಡಿಯಾಚೆಯವರಿಗೂ ಇದು ತಿಳಿಯಲಿ ಎಂದು ಮುಂದುವರಿಯುತ್ತದೆ. ಅಲ್ಲಿರುವ 256 ಎಂಬ ಅಂಕಿಯ ಅರ್ಥದ ಮೇಲೆ ವಿದ್ವಾಂಸರು ಬಹುಕಾಲ ಜಗ್ಗಾಡಿದ್ದಾರೆ. ದೊರೆ ಸಂಚಾರದಲ್ಲಿ ಕಳೆದ ರಾತ್ರಿಗಳು ಅವು ಎಂಬುದು ಇಂದು ಹೆಚ್ಚು ಒಪ್ಪಿತವಾದ ಅರ್ಥ. ಇಷ್ಟಾದ ಮೇಲೆ ತಾಯಿತಂದೆಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ನಂಟರೊಡನೆ ತಕ್ಕಂತೆ ನಡೆದುಕೊಳ್ಳಬೇಕು ಎಂಬ ಬೋಧನೆ ಬರುತ್ತದೆ.

ಏಸು ಹುಟ್ಟುವುದಕ್ಕೆ ಇನ್ನೂರು ವರ್ಷಕ್ಕೂ ಮೊದಲಿನ ಬೌದ್ಧ ದೊರೆಯ ಮಾತು ಇದು. ಪೌಲನ ಪತ್ರಕ್ಕೂ ಇದಕ್ಕೂ ನಂಟು ಹುಡುಕುವುದು ತರವಲ್ಲ. ತಲಾಂತಿನ ಕಥೆಯಲ್ಲಿ ಲೆಕ್ಕ ಕೇಳುವವನು ಯಜಮಾನ. ಇಲ್ಲಿ ಯಜಮಾನನೇ ಆಳುಗಳೆದುರು ಲೆಕ್ಕ ಹೇಳುತ್ತಿದ್ದಾನೆ. ಆದರೂ ಮಿಷನ್ ಮನೆಯಲ್ಲಿ ಹುಟ್ಟಿ, ಮತವಿಲ್ಲದ ಸರ್ಕಾರಿ ಕೆಲಸವನ್ನು ಆಯ್ದುಕೊಂಡು, ಆ ಕೆಲಸ ಕರೆದಲ್ಲಿಗೆಲ್ಲ ಹೋದವನಿಗೆ ಎದುರಾದದ್ದು ಈ ಬಂಡೆ. ಸುವಾರ್ತೆಯನ್ನು ಸಾರಲು ತಂದೆ ಕಲಿತ ಭಾಷೆಯ ನಾಡಿನಲ್ಲಿ ಮಗ ಇನ್ನೊಂದು ಧರ್ಮದ ಸುದ್ದಿಯನ್ನು ಓದಿ ಲೋಕಕ್ಕೆ ತಿಳಿಸಿದರು.

ಈಗಿನ ದಿನಗಳಲ್ಲಿ ನಂಬಿಕೆಯಿಂದ ಉದ್ಯೋಗದಲ್ಲಿ ಬಡ್ತಿ, ವ್ಯಾಪಾರದಲ್ಲಿ ಲಾಭ ಎಂದು ಭರವಸೆ ಕೊಡುವ ಬೋಧಕರು ಎಲ್ಲ ಮತಗಳಲ್ಲೂ ಇದ್ದಾರೆ, ಕ್ರೈಸ್ತರಲ್ಲೂ ಕಡಿಮೆಯಿಲ್ಲ. ತಲಾಂತಿನ ಕಥೆಯನ್ನೇ ಅವರು ಹೂಡಿಕೆಯ ಸಲಹೆಯಂತೆ ಹೇಳುತ್ತಾರೆ. ಹ್ಯಾಂಡ್ಸ್, ಕಿಟೆಲ್, ರೈಸ್ ಕುಟುಂಬದವರ ದಿನಚರಿಗೆ ಈ ಅಳತೆ ಹಿಡಿದರೆ ಅವರಲ್ಲಿ ಯಾರೂ ತೇರ್ಗಡೆಯಾಗುವುದಿಲ್ಲ. ಜೆಪ್ಪುವಿನ ಹಂಚಿನ ಕೆಲಸಗಾರನಿಗೆ ದೊರೆತದ್ದೂ ಸಿರಿಯಲ್ಲ, ಕೈಗೊಂದು ಕಸುಬು.

ಕುಣಿಯೊಳಗೆ ಕಾಲಿಳಿಬಿಟ್ಟು ರೇಷ್ಮೆ ಸೀರೆ ನೇಯುವ ಮೊಳಕಾಲ್ಮುರಿನ ನೇಕಾರರಿಗೆ ಕಸುಬಿನ ಈ ಅಭಿಮಾನವನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಹೆಸರನ್ನೇ ಹೊತ್ತ ಸೀರೆಗೆ ಭೌಗೋಳಿಕ ಗುರುತಿನ ರಕ್ಷಣೆ ದೊರೆತಿದೆ, ನೇಯ್ದವರ ಹೆಸರು ಸೆರಗಿನಲ್ಲಿ ಇರುವುದಿಲ್ಲ.

ಬ್ರಹ್ಮಗಿರಿಯ ಬಂಡೆಯಲ್ಲಿ ಹೆಸರು ಇದೆ. ಶಾಸನದ ಕೊನೆಯಲ್ಲಿ ಅದನ್ನು ಬರೆದವನು ಚಪಡ ಎಂದು ದಾಖಲಾಗಿದೆ. ಹೆಸರನ್ನು ಉಳಿದ ಬರಹದಂತೆ ಬ್ರಾಹ್ಮಿಯಲ್ಲೇ ಬರೆದ ಆತ, ತನ್ನ ಕಸುಬನ್ನು ಹೇಳುವ 'ಲಿಪಿಕಾರ' ಎಂಬ ಪದವನ್ನು ಮಾತ್ರ ಸಾವಿರಾರು ಮೈಲಿ ದೂರದ ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಸಿದ್ದಾಪುರದಲ್ಲೂ ಜಟಿಂಗ ರಾಮೇಶ್ವರದಲ್ಲೂ ಅವನದೇ ಕೈ. ಬ್ರಾಹ್ಮಿಯನ್ನು ಎಡದಿಂದ ಬಲಕ್ಕೆ ಓದುತ್ತ ಬಂದವರು ಆ ಒಂದು ಪದಕ್ಕೆ ಬಂದಾಗ ಬಲದಿಂದ ಎಡಕ್ಕೆ ತಿರುಗಬೇಕು.